ಅಕ್ಕೋರು ಬಿಟ್ಟ ಪುಟ

ಮೊನ್ನೆ ಅಂಗಡಿಯ ಕೆಳಗಿನ ಡ್ರಾಯರ್ ಎಳೆದರೆ ವಿಭೂತಿಯ ವಾಸನೆ ಬಂತು. ಜೇವರ್ಗಿ ಬಸ್ ಸ್ಟ್ಯಾಂಡ್ ಎದುರಿನ ನನ್ನ ಮೊಬೈಲ್ ಅಂಗಡಿಯಲ್ಲಿ ವಿಭೂತಿ ಎಲ್ಲಿಂದ ಬರಬೇಕು? ಹಳೆಯ ಚಾರ್ಜರ್ ವೈರುಗಳ ಅಡಿಯಲ್ಲಿ ಖಣದ ಬಟ್ಟೆಯಲ್ಲಿ ಹೊಲಿದ ಒಂದು ಚೀಲ, ಅದರೊಳಗೆ ಟ್ಯಾಬ್. ಹಾಗೇ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಅದು ನಮ್ಮ ಅಕ್ಕೋರದು. ಅಂದೋಲಾದ ಶಾಲೆಯಲ್ಲಿ ನನ್ನ ಕೈ ಹಿಡಿದು ಅಕ್ಷರ ತಿದ್ದಿಸಿದವರು. ನಿವೃತ್ತರಾದ ಮೇಲೆ ತಂಗಿಯ ಜೊತೆ ಅಲ್ಲೇ ಇದ್ದರು. ದಿನಾ ಮುಂಜಾನೆ ಲಿಂಗಪೂಜೆ ಮುಗಿಸಿ ವಚನದ ಪುಸ್ತಕದಲ್ಲಿ ಒಂದು ಪುಟವಾದರೂ ಓದದೆ ಅವರು ತುತ್ತು ಮುಟ್ಟುತ್ತಿರಲಿಲ್ಲ.

ಒಂದು ದಿನ ಅಂಗಡಿಗೆ ಬಂದರು. ಕಣ್ಣಿನ ನರ ಒಣಗುತ್ತಿದೆ, ಹೆಚ್ಚೆಂದರೆ ಇನ್ನೊಂದು ವರ್ಷ ಕಂಡೀತು ಎಂದು ಕಲಬುರಗಿಯ ಡಾಕ್ಟರು ಹೇಳಿದ್ದರಂತೆ. ಅಷ್ಟರೊಳಗೆ ವಚನಗಳ ದೊಡ್ಡ ಸಂಪುಟವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸಬೇಕೆಂಬುದು ಅವರ ಆಸೆ.

"ತಮ್ಮಾ, ಅಕ್ಷರ ದೊಡ್ಡವು ಕಾಣಬೇಕು. ನಾ ಇವತ್ತ ಎಲ್ಲಿಗಿ ಬಿಟ್ಟಿರ್ತೀನಿ, ನಾಳಿಗಿ ಅಲ್ಲೇ ತೆರಿಬೇಕು. ಮತ್ತೇನೂ ಬ್ಯಾಡ."

ಪುಸ್ತಕ ಓದಲೆಂದೇ ಮಾಡಿದ ಅಂಥದೇ ಒಂದು ಯಂತ್ರ ನನ್ನ ಕಪಾಟಿನಲ್ಲಿತ್ತು. ಕಪ್ಪು ಬಿಳುಪು ಪರದೆ, ಪುಟ ತಿರುಗಿಸಲು ಪಕ್ಕದಲ್ಲಿ ಎರಡು ಗುಂಡಿ, ಪುಸ್ತಕ ಬಿಟ್ಟರೆ ಬೇರೇನಿಲ್ಲ. ಆದರೆ ನಾನೆಂಥ ಶಾಣ್ಯಾ! ಅಕ್ಷರ ಕಲಿಸಿದವರಿಗೆ ಇಂಥ ಬಡ ಸಾಮಾನು ಕೊಡುವುದೇ ಅನ್ನಿಸಿತು. "ಅದರಾಗ ಏನೂ ಇಲ್ರೀ ಅಕ್ಕೋರೆ. ಇದ ತಗೊಳ್ರಿ, ಓದಿ ಹೇಳ್ತದ, ಹಾಡತದ, ಮಳಿ ಬರೂದೂ ಹೇಳ್ತದ!" ಎಂದು ಬಣ್ಣದ ಟ್ಯಾಬ್ ಮುಂದಿಟ್ಟೆ.

"ಮಳಿ ಬಂದ್ರ ಅಂಗಳದಾಗ ಗೊತ್ತಾಗ್ತದ ಬಿಡೋ" ಎಂದು ನಕ್ಕರು. ಆದರೂ ಶಿಷ್ಯ ಹೇಳಿದನೆಂದು ಸಂಪುಟವನ್ನು ಅದರಲ್ಲೇ ಹಾಕಿಸಿಕೊಂಡು ಒಯ್ದರು.

ಅಲ್ಲಿಂದ ಅವರ ಓಡಾಟ ಶುರುವಾಯಿತು. ನಡುಗುವ ಬೆರಳು ಎಲ್ಲಿ ತಾಗಿದರೂ ಪುಟ ಹಾರುತ್ತಿತ್ತು. ಒಮ್ಮೆ ಜಾಹೀರಾತು, ಒಮ್ಮೆ ಹೊಸ ಆವೃತ್ತಿ ಹಾಕಿಕೋ ಎಂಬ ಹಟ. ಅವತ್ತಿನ ಓದು ಆಗಿರುವುದಿಲ್ಲ, ಹಾಗಾಗಿ ಊಟವೂ ಇಲ್ಲ. ಅಂದೋಲಾದಿಂದ ಬಸ್ಸು ಹಿಡಿದು ಬರುತ್ತಿದ್ದರು. ನಾನು ಅರ್ಧ ನಿಮಿಷದಲ್ಲಿ ಸರಿಮಾಡಿ, "ಹಂಗ ಒತ್ತಬ್ಯಾಡ್ರಿ ಅಂತ ಎಷ್ಟ ಸಲ ಹೇಳೇನಿ?" ಎಂದು ಗಿರಾಕಿಗಳ ಮುಂದೆಯೇ ಗದರುತ್ತಿದ್ದೆ. ಅವರು ಲೆಕ್ಕ ತಪ್ಪಿದ ಹುಡುಗಿಯ ಹಾಗೆ ನಿಂತಿರುತ್ತಿದ್ದರು. ಆಮೇಲೆ ಅಂಗಡಿಯ ಮೂಲೆಯಲ್ಲೇ ಒಂದು ಪುಟ ಓದಿ, ಚೀಲದಿಂದ ರೊಟ್ಟಿ ತೆಗೆದು ಮುರಿಯುತ್ತಿದ್ದರು...

ಕಣ್ಣು ಇನ್ನಷ್ಟು ಮಂಜಾದಾಗ ಅದರ ಓದುವ ಧ್ವನಿ ಹಚ್ಚಿಕೊಟ್ಟೆ. ಎರಡು ಸಾಲು ಕೇಳಿ, "ಇದು ಹಾಜರಿ ಕೂಗಿದಂಗ ಆಗ್ತದೋ, ಬಂದ್ ಮಾಡು" ಎಂದರು. ಆದರೆ ಇದು ಬೇಡ, ಆ ಸಾದಾದ್ದು ಕೊಡು ಎಂದು ಒಮ್ಮೆಯೂ ಕೇಳಲಿಲ್ಲ. ನನ್ನ ಮನಸ್ಸು ನೋಯಬಾರದಲ್ಲ! ನಾನೂ ಅದು ನೆನಪಾಗದವನಂತೆ ಇದ್ದೆ.

ವರ್ಷ ತುಂಬುವ ಮೊದಲೇ ಕಣ್ಣು ಹೋದವು. ಸಂಪುಟ ಮುಗಿದಿರಲಿಲ್ಲ. ಒಂದು ಮಧ್ಯಾಹ್ನ ಅವರ ತಂಗಿ ಈ ಚೀಲ ತಂದು ನನ್ನ ಮುಂದಿಟ್ಟರು. ನಮ್ಮ ಧಂದೆಯಲ್ಲಿ ಒಂದು ರೂಢಿಯಿದೆ. ವಾಪಸ್ ಬಂದ ಸಾಮಾನನ್ನು ಮೊದಲು ಪೂರ್ತಿ ಅಳಿಸಿ ಹೊಸದರಂತೆ ಮಾಡುವುದು. ನನ್ನ ಬೆರಳು ತಾನಾಗಿಯೇ ಆ ಕೆಲಸ ಮುಗಿಸಿತ್ತು. ಬೆವರು ಒರೆಸಿಕೊಂಡ ತಂಗಿ ಆಗ ಹೇಳಿದರು, "ಅಕ್ಕ ಬಿಟ್ಟಲ್ಲಿಂದ ನೀವ ಬಂದು ಓದಿ ಹೇಳಬೇಕಂತ್ರಿ. ಅದಕ್ಕ ಕೊಟ್ಟು ಕಳಿಸ್ಯಾಳ."

ಪರದೆಯ ಮೇಲೆ ಏನೂ ಉಳಿದಿರಲಿಲ್ಲ, ಸಂಪುಟವೂ ಇಲ್ಲ, ಅಕ್ಕೋರು ಬಿಟ್ಟ ಪುಟದ ಗುರುತೂ ಇಲ್ಲ.

"ಅಮಾಸಿಗಿ ಅಂಗಡಿ ಬಂದ್ ಇರ್ತದ್ರಿ, ಅವತ್ತ ಬರ್ತೇನಿ" ಎಂದೆ. ಮೊದಲ ಅಮಾವಾಸ್ಯೆ ಏನು ಮುಖ ತೋರಿಸಲಿ ಎನ್ನುವುದರಲ್ಲೇ ಕಳೆಯಿತು. ಎರಡನೆಯದಕ್ಕೆ ಯಾರದೋ ಮದುವೆಯ ನೆಪ. ಮೂರನೆಯದು ಬರುವ ಮೊದಲೇ ಅಕ್ಕೋರು ಲಿಂಗೈಕ್ಯರಾದರೆಂದು ಫೋನು ಬಂತು. ಮಣ್ಣು ಕೊಡಲು ಹೋದಾಗ ಅವರ ತಂಗಿ ನನ್ನನ್ನು ಬೈಯಲಿಲ್ಲ. "ಅಮಾಸಿ ದಿನ ಮುಂಜಾನಿಂದ ಬಾಗಲದಾಗ ಕುಂಡ್ರತಿದ್ದಳ್ರಿ. ತಮ್ಮ ಬಂದು ಓದಿದ ಮ್ಯಾಗ ಉಣ್ತೀನಿ ಅಂತಿದ್ದಳು" ಎಂದಷ್ಟೇ ಹೇಳಿದರು. ಬೈದಿದ್ದರೆ ಎಷ್ಟೋ ಚಲೋ ಇತ್ತು.

ಮೊನ್ನೆ ಟ್ಯಾಬಿಗೆ ಚಾರ್ಜ್ ಹಚ್ಚಿದೆ. ಬೆಳಕು ಬಂತು, ನಿಮ್ಮ ಭಾಷೆ ಯಾವುದೆಂದು ಕೇಳಿತು, ಹೊಸಬನನ್ನು ಕೇಳುವ ಹಾಗೆ. ಸಂಪುಟ ಮತ್ತೆ ಹಾಕಿ ಅಂದಾಜಿನ ಮೇಲೆ ಪುಟ ಹುಡುಕುತ್ತ ಕೂತೆ. ಇಲ್ಲಿಯೋ, ಇನ್ನೂ ಮುಂದೆಯೋ... ಗೊತ್ತಾಗಲಿಲ್ಲ. ಅಷ್ಟೊಂದು ಹೆದರಿ ಕೂತೆನಲ್ಲ, ಒಂದು ಸಲ ಅಂದೋಲಾಕ್ಕೆ ಹೋಗಿದ್ದರೆ ಸಾಕಿತ್ತು. ಎಲ್ಲಿಗೆ ಬಿಟ್ಟಿದ್ದೆ ಎಂದು ಅಕ್ಕೋರೇ ಹೇಳುತ್ತಿದ್ದರು.