ಓಬಳೇಶನ ಬಾಯಿಂದಲೇ ಬರಬೇಕಾದ ಮಾತು

2022ರ ಬೇಸಿಗೆಯಲ್ಲಿ ನಾನು ಪಾವಗಡ ತಾಲ್ಲೂಕಿನ ಒಂದು ವಿದ್ಯುತ್ ಉಪಕೇಂದ್ರದಲ್ಲಿ ಆಪರೇಟರ್ ಆಗಿದ್ದೆ. ವಳ್ಳೂರಿನ ಕಡೆ ಸೋಲಾರ್ ಪಾರ್ಕಿನ ಫಲಕಗಳ ಸಾಲು ಮುಗಿದು ಬರೀ ಬಂಡೆ, ಜಾಲಿ ಶುರುವಾಗುವಲ್ಲಿ ನಮ್ಮ ಸ್ಟೇಷನ್ ಇತ್ತು. ದೊಡ್ಡ ಲೈನಿನಲ್ಲಿ ಬರುವ ಕರೆಂಟನ್ನು ಇಳಿಸಿ ಸುತ್ತಲ ಹಳ್ಳಿಗಳಿಗೆ ಕಳಿಸುವ ಜಾಗ ಅದು. ಹಾಗೆ ಹಳ್ಳಿಗಳತ್ತ ಹೋಗುವ ಒಂದೊಂದು ಲೈನಿಗೂ ಫೀಡರ್ ಎನ್ನುತ್ತೇವೆ. ಯಾವ ಫೀಡರಿಗೆ ಯಾವಾಗ ಕರೆಂಟು ಕೊಡಬೇಕು, ಯಾವಾಗ ತೆಗೆಯಬೇಕು ಎಂದು ನೋಡಿಕೊಳ್ಳುವುದೇ ಆಪರೇಟರ್ ಕೆಲಸ. ನೋಡುವವರಿಗೆ ಇದು ಫ್ಯಾನಿನ ಕೆಳಗೆ ಕೂತು ಸಂಬಳ ತಿನ್ನುವ ಕೆಲಸದಂತೆ ಕಾಣುತ್ತದೆ. ಅಂಥವರನ್ನು ಒಂದು ದಿನ ನನ್ನ ಕುರ್ಚಿಯಲ್ಲಿ ಕೂರಿಸಬೇಕೆಂದು ಎಷ್ಟೋ ಸಲ ಅನ್ನಿಸಿದೆ.

ಈ ನೌಕರಿ ನನಗೆ ಅನುಕಂಪದ ಮೇಲೆ ಬಂದದ್ದು. ನನ್ನ ಯಜಮಾನರು ಪ್ರಭಾಕರ್ ಇದೇ ಇಲಾಖೆಯ ಮಧುಗಿರಿ ಕಚೇರಿಯಲ್ಲಿದ್ದರು. ಒಂದು ಬೆಳಿಗ್ಗೆ ಎದೆನೋವು ಎಂದು ಕೂತವರು ಆಸ್ಪತ್ರೆ ಮುಟ್ಟಲಿಲ್ಲ. ಮದುವೆಗೆ ಮುಂಚೆ ಐಟಿಐ ಎಲೆಕ್ಟ್ರಿಕಲ್ ಓದಿಕೊಂಡಿದ್ದೆನಾದ್ದರಿಂದ ನನ್ನನ್ನು ಆಪರೇಟರ್ ಮಾಡಿದರು. ಆಗಿನಿಂದ ನಾನು ಚಿಂತೆಯ ಹೆಂಗಸಾದೆ. ಮನೆಗೆ ಬೀಗ ಹಾಕಿ ಬಸ್ ಸ್ಟ್ಯಾಂಡಿನವರೆಗೆ ಹೋದವಳು ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ವಾಪಸ್ ಓಡಿ ಬರುತ್ತಿದ್ದೆ. ತುಮಕೂರಿನಲ್ಲಿ ನರ್ಸ್ ಆಗಿದ್ದ ಮಗಳು ಶಾಲಿನಿ ಫೋನ್ ಎತ್ತದಿದ್ದರೆ ಅವಳ ವಾರ್ಡಿಗೇ ಫೋನ್ ಮಾಡಿ ಬೈಸಿಕೊಳ್ಳುತ್ತಿದ್ದೆ. ತಲೆ ನೋವು ಬಂದರೆ ಗೆಡ್ಡೆ ಇರಬೇಕು, ಸೆಕ್ಷನ್ ಆಫೀಸಿನಿಂದ ಫೋನ್ ಬಂದರೆ ವರ್ಗಾವಣೆ ಇರಬೇಕು, ಹೀಗೆ.

ನಮ್ಮದು ಮೂರು ತಲೆಮಾರಿನ ಕ್ರೈಸ್ತ ಕುಟುಂಬ. ಮಧುಗಿರಿಯ ಸಭೆಯಲ್ಲಿ ದೀಕ್ಷಾಸ್ನಾನವಾದವಳು, ಅಲ್ಲೇ ಹಾಡು ಕಲಿತವಳು ನಾನು. ಯೇಸುವಿನ ಮೇಲೆ ಭಾರ ಹಾಕಿ ನಿಶ್ಚಿಂತೆಯಿಂದಿರಿ ಎಂದು ಪಾದ್ರಿ ಅಯ್ಯನವರು ಪ್ರಸಂಗ ಮಾಡುತ್ತಿದ್ದಾಗ ತಲೆಯಾಡಿಸಿದ್ದೇನೆ. ಆದರೆ ಪಾವಗಡಕ್ಕೆ ಬಂದ ಮೇಲೆ ತಲೆಯಾಡಿಸುವುದಕ್ಕೂ ಅವಕಾಶವಿರಲಿಲ್ಲ. ಹೆಂಗಸೆಂದು ನನಗೆ ರಾತ್ರಿ ಪಾಳಿ ಹಾಕುತ್ತಿರಲಿಲ್ಲ. ಅದಕ್ಕೆ ಬದಲಾಗಿ ಭಾನುವಾರದ ಪಾಳಿ ಹೆಚ್ಚುಕಮ್ಮಿ ಕಾಯಂ ಆಗಿ ನನ್ನ ತಲೆಗೇ ಬಿತ್ತು. ಸಭೆಯಲ್ಲಿ ಎಲ್ಲರೂ ಎದ್ದು ಹಾಡುವ ಹೊತ್ತಿಗೆ ನಾನು ಕಂಟ್ರೋಲ್ ರೂಮಿನಲ್ಲಿ ಒಬ್ಬಳೇ ಮೀಟರುಗಳನ್ನು ನೋಡುತ್ತಾ ಕೂತಿರುತ್ತಿದ್ದೆ. ಹೊರಗೆ ಟ್ರಾನ್ಸ್‌ಫಾರ್ಮರಿನ ಗುಂಯ್ ಸದ್ದು, ಬಿಸಿಲು, ಬೇಲಿಯಾಚೆ ಕುರಿ. ಒಂದೆರಡು ಸಲ ನಾನೇ ಹಾಡಲು ನೋಡಿದೆ. ಒಂಟಿ ದನಿ ಆ ಗೋಡೆಗೆ ಬಡಿದು ವಾಪಸ್ ಬಂದಾಗ ಅಳು ಬಂತು, ಬಿಟ್ಟುಬಿಟ್ಟೆ. ಬಾಡಿಗೆ ರೂಮಿಗೆ ಹೋದರೆ ಅಲ್ಲೂ ಯಾರಿಲ್ಲ. ಪ್ರಾರ್ಥನೆ ಮಾಡುತ್ತಿದ್ದೆ, ಆದರೆ ಅದು ಮುಕ್ಕಾಲು ಪಾಲು ಜಗಳವಾಗಿರುತ್ತಿತ್ತು. ನೀನು ಇದ್ದೀಯೋ ಇಲ್ಲವೋ, ಇದ್ದರೆ ಒಂದು ಮಾತಾದರೂ ಆಡು ಎಂದು ಕೇಳುತ್ತಿದ್ದೆ.

ಮುಂದಿನದು ಅರ್ಥವಾಗಬೇಕಾದರೆ ನಮ್ಮ ಕೆಲಸದ ಒಂದು ಕಟ್ಟುಪಾಡನ್ನು ಹೇಳಬೇಕು. ಲೈನ್‌ಮನ್ ಕಂಬ ಹತ್ತುವ ಮೊದಲು ಸ್ಟೇಷನ್ನಿಗೆ ಫೋನ್ ಮಾಡಿ ಲೈನ್ ಕ್ಲಿಯರ್ ಕೇಳುತ್ತಾನೆ. ನಾವು ಅದನ್ನು ಎಲ್‌ಸಿ ಎನ್ನುತ್ತೇವೆ. ಆಪರೇಟರ್ ಆ ಫೀಡರಿನ ಬ್ರೇಕರ್ ಆಫ್ ಮಾಡಿ, ಸ್ವಿಚ್ ಎಳೆದು ಲೈನನ್ನು ಪೂರ್ತಿ ಬೇರೆ ಮಾಡಿ, ಲೈನಿನ ಮೇಲೆ ಜನರಿದ್ದಾರೆ ಎಂಬ ಬೋರ್ಡು ನೇತುಹಾಕಿ, ಆಮೇಲೆ ಎಲ್‌ಸಿ ಕೊಟ್ಟೆ ಎನ್ನಬೇಕು. ಅವನು ಮೈಲಿಗಟ್ಟಲೆ ದೂರದಲ್ಲಿ ಆ ಒಂದು ಮಾತು ನಂಬಿ ತಂತಿ ಮುಟ್ಟುತ್ತಾನೆ. ಕೆಲಸ ಮುಗಿದ ಮೇಲೆ ಎಲ್‌ಸಿ ತೆಗೆದುಕೊಂಡವನೇ ತನ್ನ ಬಾಯಿಂದ ಅದನ್ನು ವಾಪಸ್ ಕೊಡಬೇಕು. ಬೇರೆ ಯಾರು ಹೇಳಿದರೂ, ಅವನ ಮೇಲಿನ ಅಧಿಕಾರಿ ಹೇಳಿದರೂ, ಲೈನಿಗೆ ಕರೆಂಟು ಹಾಕಕೂಡದು.

ನಮ್ಮ ಲೈನ್‌ಮನ್ ಓಬಳೇಶ ಪಾವಗಡದ ಗಡಿ ಹಳ್ಳಿಯವನು. ಅರ್ಧ ಕನ್ನಡ, ಅರ್ಧ ತೆಲುಗು. ಏನು ಕೇಳಿದರೂ “ಏಂ ಕಾದು ಮೇಡಂ”, ಏನೂ ಆಗೋಲ್ಲ, ಎನ್ನುವುದು ಅವನ ರೂಢಿ. ಏನೇನು ಆಗಬಹುದೆಂದು ಹಗಲಿಡೀ ಲೆಕ್ಕ ಹಾಕುವ ನನಗೆ ಆ ಮಾತು ಕೇಳಿದರೇ ಮೈ ಉರಿಯುತ್ತಿತ್ತು.

ಮೇ ತಿಂಗಳ ಒಂದು ಭಾನುವಾರ. ಮಧ್ಯಾಹ್ನ ಗಾಳಿ ಎದ್ದು ಒಂದು ಫೀಡರ್ ಟ್ರಿಪ್ ಆಗಿ ಕರೆಂಟು ನಿಂತಿತು. ಆ ಲೈನಿನ ಹಳ್ಳಿಯೊಂದರಲ್ಲಿ ಮದುವೆ ಮನೆ. ಮಾರನೆಯ ದಿನ ಮುಹೂರ್ತ, ಅವತ್ತು ಚಪ್ಪರ. ಕಂಬದ ಮೇಲೆ ತಂತಿಯ ಜೋಡಣೆ ಕಿತ್ತುಹೋಗಿದೆ ಎಂದು ಓಬಳೇಶ ಫೋನ್ ಮಾಡಿ ಎಲ್‌ಸಿ ಕೇಳಿದ, ಕೊಟ್ಟೆ. ಜೊತೆಯ ಲೈನ್‌ಮನ್ ರಜೆಯಲ್ಲಿದ್ದುದರಿಂದ ಅವನೂ ಅವತ್ತು ನನ್ನಂತೆ ಒಬ್ಬನೇ. ಅರ್ಧ ಗಂಟೆಯ ಕೆಲಸ, ಸಂಜೆಯಾಗುತ್ತಾ ಬಂದರೂ ಫೋನಿಲ್ಲ. ನಾನೇ ಮಾಡಿದೆ. ಎತ್ತಿದವರು ಬೇರೆ ಯಾರೋ.

“ನಾನು ಹೆಣ್ಣಿನ ಸೋದರಮಾವ ಕಣಮ್ಮ, ನರಸಿಂಹಪ್ಪ ಅಂತ. ಕೆಲ್ಸ ಆಗೋಯ್ತು. ಕಂಬ ಇಳ್ದಿದ್ದು ನಾನೇ ಕಣ್ಣಾರೆ ನೋಡಿವ್ನಿ. ಕರೆಂಟು ಬುಟ್ಬುಡ್ರಿ.”

“ಫೋನು ಓಬಳೇಶನ ಕೈಗೆ ಕೊಡಿ.”

“ಅವ್ರು ಇಲ್ಲೇ ಎಲ್ಲೋ ಹೋದ್ರು. ಫೋನು ಗಾಡಿ ಕವರಲ್ಲಿತ್ತು, ಬಡ್ಕೊಂತಿತ್ತು ಅಂತ ಎತ್ದೆ.”

“ಹಾಗಾದ್ರೆ ಅವನನ್ನ ಹುಡುಕಿ ಕೊಡಿ. ಅವನು ಹೇಳಿದ ಮೇಲೇ ಕರೆಂಟು.”

ಆತ ಇನ್ನೇನೋ ಹೇಳುವಷ್ಟರಲ್ಲಿ ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್. ನನ್ನ ಎದೆ ಹೊಡೆದುಕೊಳ್ಳತೊಡಗಿತು. ಕಂಬ ಇಳಿದವನು ಮೊದಲು ಮಾಡುವ ಕೆಲಸವೇ ನನಗೆ ಫೋನ್ ಮಾಡುವುದು. ಮಾಡಿಲ್ಲವೆಂದರೆ ಎಲ್ಲಿ ಹೋದ? ಬಿದ್ದನೇ? ತಲೆ ಸುತ್ತಿ ಬೆಲ್ಟಿನಲ್ಲಿ ನೇತಾಡುತ್ತಿದ್ದಾನೆಯೇ? ಅಥವಾ ಮದುವೆ ಮನೆಯಲ್ಲಿ ಕೂತು ಪಾಯಸ ಕುಡಿಯುತ್ತಿದ್ದಾನೆಯೇ?

ಸೆಕ್ಷನ್ ಆಫೀಸರ್ ಅವರ ಫೋನ್ ಬಂತು. ಅವರು ಕೆಟ್ಟವರಲ್ಲ, ಆದರೆ ಅಷ್ಟರಲ್ಲಿ ಅವರಿಗೂ ಊರಿನವರ ಹತ್ತಾರು ಫೋನ್ ಹೋಗಿತ್ತು.

“ಮೇಡಂ, ಕೆಲಸ ಮುಗಿದಿದೆಯಂತೆ. ಊರೋರೇ ನೋಡಿದಾರೆ. ಚಾರ್ಜ್ ಮಾಡಿ, ಕರೆಂಟು ಬಿಡಿ, ನಾನಿದೀನಿ.”

“ಸರ್, ಎಲ್‌ಸಿ ತಗೊಂಡಿರೋದು ಓಬಳೇಶ. ಅವನ ಬಾಯಿಂದ ಬರಲಿ.”

“ನಾನು ಹೇಳ್ತಿದೀನಲ್ಲ?”

“ನೀವು ಕಂಬದ ಮೇಲಿಲ್ಲ ಸರ್,” ಎಂದೆ. ಆ ಧೈರ್ಯ ಎಲ್ಲಿಂದ ಬಂತೋ ಕಾಣೆ. ನಾಳೆ ನೋಡೋಣ ಎಂದು ಅವರು ಫೋನಿಟ್ಟರು.

ಹೊತ್ತು ಇಳಿಯುವಷ್ಟರಲ್ಲಿ ಒಂದು ಟೆಂಪೋ ತುಂಬ ಜನ ಗೇಟಿನ ಮುಂದೆ ಬಂದು ನಿಂತರು. ನರಸಿಂಹಪ್ಪನೂ ಇದ್ದ. ಅವರ ಕಷ್ಟವೂ ಸುಳ್ಳಲ್ಲ. ಬೋರ್ ಓಡದೆ ಅಡಿಗೆಗೆ ನೀರಿಲ್ಲ, ಬೀಗರು ಬರುವ ಹೊತ್ತಿಗೆ ಚಪ್ಪರ ಕತ್ತಲು. ಕೂಗಾಡಿದರು. ನಾನು ಕಿಟಕಿಯಿಂದಲೇ ಹೇಳಿದೆ, ಓಬಳೇಶನನ್ನು ಕರೆತನ್ನಿ ಎಂದು. ಹಿಂದಿನಿಂದ ಯಾರೋ ಅಂದರು, “ಅವ್ರ ಜನದ ಮದ್ವೆ ಆಗಿದ್ರೆ ಇಷ್ಟೊತ್ಗೆ ಹಾಕಿರೋರು ಕಣ್ಲಾ.”

ಆ ಮಾತು ನಾಟಿತು. ಆ ಊರುಗಳಲ್ಲಿ ಕುಂಕುಮವಿಲ್ಲದ ನನ್ನ ಹಣೆ ನೋಡಿ ಯಾರೂ ನೀರು ನಿರಾಕರಿಸಿದವರಲ್ಲ, ಹಬ್ಬಕ್ಕೆ ಒಬ್ಬಟ್ಟು ಕಳಿಸಿದವರೇ. ಆದರೂ ಆ ಹೊತ್ತು, ಬೇಲಿಯ ಆಚೆ ಅಷ್ಟೂ ಜನ, ಈಚೆ ನಾನೊಬ್ಬಳು. ಇಷ್ಟು ಒಂಟಿತನ ಯಜಮಾನರನ್ನು ಮಣ್ಣು ಮಾಡಿ ಬಂದ ದಿನವೂ ಆಗಿರಲಿಲ್ಲ.

ನುಗ್ಗಿ ಬಂದು ತಾವೇ ಸ್ವಿಚ್ ಹಾಕಿಬಿಟ್ಟರೆ ಎಂಬ ಭಯಕ್ಕೆ ಕಂಟ್ರೋಲ್ ರೂಮಿನ ಬಾಗಿಲು ಹಾಕಿ, ಬೀಗದ ಕೈ ಸೆರಗಿಗೆ ಕಟ್ಟಿಕೊಂಡು ಆ ಫೀಡರಿನ ಪ್ಯಾನೆಲ್ ಮುಂದೆ ನಿಂತೆ. ಸ್ವಿಚ್ ಹಾಕಿ ಬ್ರೇಕರಿನ ಹಿಡಿ ತಿರುಗಿಸಿದರೆ ಸಾಕು, ಗಲಾಟೆ ನಿಲ್ಲುತ್ತದೆ, ಸಾಹೇಬರ ಸಿಟ್ಟು ಇಳಿಯುತ್ತದೆ, ನಾನು ರೂಮಿಗೆ ಹೋಗಿ ಅನ್ನ ಮಾಡಿಕೊಳ್ಳಬಹುದು. ಅವನು ನಿಜಕ್ಕೂ ಇಳಿದಿದ್ದರೆ ನಾನು ಬರೀ ಹಟಮಾರಿ ಹೆಂಗಸು. ಇಳಿಯದೇ ಇದ್ದರೆ?

ಪ್ರಾರ್ಥನೆಗೆ ಮೊಣಕಾಲೂರಲಿಲ್ಲ, ಕಣ್ಣೂ ಮುಚ್ಚಲಿಲ್ಲ. ಆ ಹಿಡಿಯಿಂದ ಕಣ್ಣು ತೆಗೆಯಲು ಹೆದರಿಕೆ. ನಿಂತಲ್ಲೇ ಗಟ್ಟಿಯಾಗಿ ಹೇಳಿದೆ: “ಯೇಸಪ್ಪಾ, ಓಬಳೇಶ ಎಲ್ಲಿದಾನೋ ನನಗೆ ಕಾಣ್ತಿಲ್ಲ. ನಿನಗೆ ಕಾಣುತ್ತಲ್ಲ. ಅವನನ್ನ ನೀನು ನೋಡ್ಕೋ. ಇದನ್ನ ನಾನು ನೋಡ್ಕೋತೀನಿ.” ಉತ್ತರವೇನೂ ಬರಲಿಲ್ಲ. ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತಿತ್ತು. ಭಯವೂ ಹೋಗಲಿಲ್ಲ. ಆದರೆ ನಾನು ಅಲ್ಲಿಂದ ಕದಲಲಿಲ್ಲ. ಅಷ್ಟೇ ಸತ್ಯ, ಅದಕ್ಕಿಂತ ಹೆಚ್ಚು ಹೇಳಿದರೆ ಸಭೆಯಲ್ಲಿ ಎದ್ದು ಸಾಕ್ಷಿ ಹೇಳುವ ಹುರುಪಿನಲ್ಲಿ ಬಣ್ಣ ಹಚ್ಚಿದಂತಾಗುತ್ತದೆ.

ಸ್ವಲ್ಪ ಹೊತ್ತಿಗೆ ಗೇಟಿನ ಬಳಿ ಗದ್ದಲದ ಧಾಟಿ ಬದಲಾಯಿತು. ಯಾರದೋ ಬೈಕಿನ ಹಿಂದೆ ಕೂತು ಓಬಳೇಶ ಬಂದಿದ್ದ. ಮೈಯೆಲ್ಲ ಧೂಳು, ಕೈಯಲ್ಲಿ ಬೆಲ್ಟು. ಕಿಟಕಿಗೆ ಬಂದವನು ನಿಯಮದಂತೆ ಮೊದಲು ಆ ಮಾತು ಹೇಳಿದ.

“ಕೆಲ್ಸ ಮುಗೀತು ಮೇಡಂ. ಲೈನ್ ಮೇಲೆ ಯಾರೂ ಇಲ್ಲ. ಎಲ್‌ಸಿ ವಾಪಸ್.”

ಬೋರ್ಡು ತೆಗೆದು, ಸ್ವಿಚ್ ಹಾಕಿ, ಫೀಡರ್ ಚಾರ್ಜ್ ಮಾಡಿದೆ. ಮೀಟರಿನ ಮುಳ್ಳು ಏರಿತು. ಆಮೇಲೆ ಹೊರಗೆ ಬಂದು ಅವನನ್ನು ಬಾಯಿಗೆ ಬಂದಂತೆ ಬೈದೆ.

ನಡೆದದ್ದು ಇಷ್ಟು. ಮದುವೆ ಮನೆಯ ಹತ್ತಿರದ ಕಂಬದ ಕೆಲಸ ಮುಗಿಸಿ ಇಳಿದಿದ್ದು ನಿಜ. ಇಳಿದವನು ಲೈನನ್ನೇ ನೋಡಿಕೊಂಡು ಹೋದಾಗ ಹುಣಸೆ ತೋಪಿನ ಆಚೆ ಒಂದು ಕಂಬದಲ್ಲಿ ತಂತಿ ಅದನ್ನು ಹಿಡಿದಿಡುವ ಪಿಂಗಾಣಿಯಿಂದ ಕಳಚಿಕೊಂಡು ಜೋತಿದ್ದು ಕಂಡಿದೆ. ಹಾಗೇ ಬಿಟ್ಟರೆ ಮದುವೆಗೆ ಬಂದವರ ತಲೆ ಮೇಲೇ ಬೀಳುತ್ತಿತ್ತು. ಬೈಕು ಹೋಗದ ಕಾಲುದಾರಿ, ಫೋನು ಬೈಕಿನಲ್ಲೇ. ಎಲ್‌ಸಿ ಇನ್ನೂ ತನ್ನ ಹೆಸರಲ್ಲೇ ಇದೆಯಲ್ಲ ಎಂದು ಹತ್ತಿದ್ದಾನೆ, ಇಳಿದ ಮೇಲೆ ಆ ಕಡೆ ಸಿಕ್ಕ ಬೈಕು ಹತ್ತಿ ನೇರ ಸ್ಟೇಷನ್ನಿಗೇ ಬಂದಿದ್ದಾನೆ. ನಾನು ನರಸಿಂಹಪ್ಪನ ಜೊತೆ ಮಾತಾಡುವಾಗ, ಸಾಹೇಬರು ಚಾರ್ಜ್ ಮಾಡಿ ಎನ್ನುವಾಗ, ಇವನು ಬರಿಗೈಯಲ್ಲಿ ಆ ತಂತಿ ಹಿಡಿದು ಕಟ್ಟುತ್ತಿದ್ದ.

ಅದನ್ನು ಕೇಳಿ ನರಸಿಂಹಪ್ಪ ಅಲ್ಲೇ ಗೇಟಿನ ಕಟ್ಟೆ ಮೇಲೆ ಕುಸಿದು ಕೂತ. “ನಾನೇ ನೋಡಿವ್ನಿ ಅಂದ್ನಲ್ಲಮ್ಮ,” ಎಂದು ಎರಡು ಸಲ ಅಂದ. “ಸುಭದ ಮನೇಲಿ ಏನಾಗೋಗಿರೋದು!” ಟೆಂಪೋದವರು ಅವನನ್ನು ಎಬ್ಬಿಸಿಕೊಂಡು ಹೋದರು. ಸಾಹೇಬರೂ ನಾಳೆ ನೋಡೋಣ ಎಂದದ್ದನ್ನು ಮತ್ತೆಂದೂ ಎತ್ತಲಿಲ್ಲ.

ಎಲ್ಲರೂ ಹೋದ ಮೇಲೆ ಓಬಳೇಶ ಕೊಳಾಯಿಯಲ್ಲಿ ಮುಖ ತೊಳೆದುಕೊಂಡ. ನನಗೆ ಸಿಟ್ಟು ಇನ್ನೂ ಇಳಿದಿರಲಿಲ್ಲ.

“ಅಲ್ಲಯ್ಯಾ, ಫೋನಿಲ್ಲ, ಜೊತೆಗೆ ಯಾರಿಲ್ಲ. ತಂತಿ ಹಿಡಿಯೋವಾಗ ನಿನಗೆ ಭಯ ಆಗಲಿಲ್ವಾ?”

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ ಎನ್ನುವಂತೆ ನನ್ನನ್ನು ನೋಡಿದ.

“ಭಯ ಯಾಕ್ ಮೇಡಂ? ಅಲ್ಲಿ ನೀವು ಕೂತಿದ್ರಲ್ಲ.”

ನಾನು ಒಳಗೆ ಹೋಗಿ ಕುರ್ಚಿಯಲ್ಲಿ ಕೂತು ಅತ್ತೆ. ಅವನು ಕಂಬದ ಮೇಲಿದ್ದಷ್ಟು ಹೊತ್ತು ಅವನಿಗೆ ನಾನು ಕಾಣುತ್ತಿರಲಿಲ್ಲ, ನನ್ನ ದನಿ ಕೇಳುತ್ತಿರಲಿಲ್ಲ. ಇಲ್ಲಿ ನನ್ನ ಮೇಲೆ ಎಷ್ಟು ಜನ ಕೂಗಾಡುತ್ತಿದ್ದಾರೆ, ನಾನು ಎಷ್ಟು ಹೆದರಿದ್ದೇನೆ, ಯಾವುದೂ ಅವನಿಗೆ ಗೊತ್ತಿರಲಿಲ್ಲ. ಒಮ್ಮೆ ಕೊಟ್ಟ ಮಾತು ಕೊಟ್ಟವಳ ಹತ್ತಿರ ಭದ್ರವಾಗಿದೆ ಎಂದುಕೊಂಡು ತನ್ನ ಕೆಲಸ ಮಾಡಿಕೊಂಡಿದ್ದ. ಗ್ಯಾಸ್ ಆಫ್ ಮಾಡಿದ್ದೇ ನೆನಪಿರದ ನನ್ನಂಥವಳನ್ನು ನಂಬಿ! ಆ ನಂಬಿಕೆಯ ಕಾಲು ಭಾಗವನ್ನೂ ನಾನು ಕ್ರಿಸ್ತನಿಗೆ ಕೊಟ್ಟಿರಲಿಲ್ಲ. ದನಿ ಕೇಳಿಸುತ್ತಿಲ್ಲ ಎಂದರೆ ಆ ಕಡೆ ಯಾರೂ ಇಲ್ಲ ಎಂದೇ ವರ್ಷಗಟ್ಟಲೆ ಜಗಳವಾಡಿದ್ದೆ. ಆ ಸಂಜೆ ಓಬಳೇಶನಿಗೂ ನನ್ನ ದನಿ ಕೇಳಿಸಿರಲಿಲ್ಲ, ಆದರೆ ನಾನು ಆ ಪ್ಯಾನೆಲ್ ಬಿಟ್ಟು ಒಂದು ಹೆಜ್ಜೆ ಸರಿದಿರಲಿಲ್ಲ.

ನಾನೀಗ ನಿವೃತ್ತಳಾಗಿ ಮಧುಗಿರಿಯಲ್ಲಿದ್ದೇನೆ. ಚಿಂತೆ ಪೂರ್ತಿ ಬಿಟ್ಟುಹೋಗಿದೆ ಎಂದರೆ ಮಗಳು ನಗುತ್ತಾಳೆ. ಯಜಮಾನರನ್ನು ಯಾಕೆ ಅಷ್ಟು ಬೇಗ ಕರೆದುಕೊಂಡೆ ಎಂದು ದೇವರನ್ನು ಕೇಳಿದ್ದಕ್ಕೂ ಇನ್ನೂ ಉತ್ತರ ಸಿಕ್ಕಿಲ್ಲ. ಒಂಟಿತನ ಈಗಲೂ ಇದೆ, ಸಂಜೆ ದೀಪ ಹಾಕುವ ಹೊತ್ತಿಗೆ ಹೆಚ್ಚು. ಆದರೆ ನೌಕರಿ ನನಗೆ ಒಂದನ್ನು ಕಲಿಸಿ ಕಳಿಸಿತು. ಕಂಬದ ಮೇಲಿರುವವನು ಸ್ವಿಚ್ಚನ್ನೂ ತಾನೇ ಕಾಯಬೇಕೆಂದರೆ ಕೆಲಸವಾಗುವುದಿಲ್ಲ, ಬದುಕೂ ಆಗುವುದಿಲ್ಲ. ಎದೆ ಹೊಡೆದುಕೊಳ್ಳಲು ಶುರುವಾದಾಗ ಈಗ ನಾನು ಉದ್ದುದ್ದ ಪ್ರಾರ್ಥನೆ ಮಾಡುವುದಿಲ್ಲ. ಯೇಸಪ್ಪಾ, ಅಲ್ಲಿ ನೀನು ಕೂತಿದ್ದೀಯಲ್ಲ ಎನ್ನುತ್ತೇನೆ. ಆಮೇಲೆ ಕೈಯಲ್ಲಿರುವ ಕೆಲಸ ಮುಂದುವರಿಸುತ್ತೇನೆ.