ಹನ್ನೆರಡು ದಿನ ದ್ರಾಕ್ಷಿಯಿಲ್ಲದೆ

ತಮಿಳುನಾಡಿನ ಕಂಬಂ ಸುತ್ತಲಿನ ಕಪ್ಪು ಪನ್ನೀರು ದ್ರಾಕ್ಷಿಯ ತೋಟಗಳಲ್ಲಿ ಕೊಯ್ಲಿನವರು ಎಷ್ಟು ಹಣ್ಣು ತಿಂದರೂ ಯಾರೂ ಕೇಳುವುದಿಲ್ಲ. ಒಡೆದ ಹಣ್ಣು ಪೆಟ್ಟಿಗೆಗೆ ಹೋಗುವಂತಿಲ್ಲ. ಕತ್ತರಿಯಿಂದ ಅದನ್ನು ಗೊಂಚಲಿನಿಂದ ಬಿಡಿಸಿದ ಕೈ ನೇರ ಬಾಯಿಗೆ ಹೋಗುತ್ತದೆ. ಸಂಜೆಯ ಹೊತ್ತಿಗೆ ಉಗುರು, ನಾಲಿಗೆ, ಪಂಚೆಯ ಅಂಚು ಎಲ್ಲ ನೇರಳೆ. ಮರುದಿನ ಬೆಳಿಗ್ಗೆ ಹೊಟ್ಟೆಯಿಂದ ಹೋಗುವುದೂ ಕಪ್ಪಗೇ. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಮಾತು ಬಂದರೂ ‘ಹಣ್ಣಿನ ಕಪ್ಪು’ ಎಂಬಲ್ಲಿಗೆ ಮುಗಿಯುತ್ತದೆ.

ತಮಗೆ ಕಂಡ ಕಪ್ಪನ್ನೂ ಅಯ್ಯಾವು ಹನ್ನೊಂದು ತಿಂಗಳು ಹಾಗೆಂದೇ ಮುಗಿಸಿದ್ದರು.

ಅವರಿಗೆ ಈಗ ಅರವತ್ತೊಂದು. ನಲವತ್ತು ವರ್ಷ ದ್ರಾಕ್ಷಿ ಚಪ್ಪರದ ಕೆಳಗೆ ಕೈ ಎತ್ತಿ ಬಳ್ಳಿ ಸವರಿದವರು. ಮನೆಯಲ್ಲಿ ಆಡುವುದು ಹಿರಿಯರಿಂದ ಬಂದ ಕನ್ನಡ, ತೋಟದಲ್ಲಿ ತಮಿಳು. ಕಾಯಿಲೆಯ ಹೆಸರನ್ನು ಮನೆಯಲ್ಲೂ ತಮಿಳಿನಲ್ಲೇ ಹೇಳುತ್ತಾರೆ: ಪುಟ್ರುನೋಯ್, ಅಂದರೆ ಕ್ಯಾನ್ಸರ್. ನಾಲ್ಕು ವರ್ಷದ ಹಿಂದೆ ಬೆಲ್ಟು ಎರಡು ತೂತು ಒಳಗೆ ಹೋಯಿತು. ಆಮೇಲೆ ಒಂದು ದಿನ ಹೊಟ್ಟೆ ಉಬ್ಬಿ, ಚಪ್ಪರದ ಕಂಬ ಹಿಡಿದುಕೊಂಡೇ ಕುಸಿದರು. ಮದುರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ದೊಡ್ಡಕರುಳಿನ ಒಂದು ಭಾಗ ಹೋಯಿತು. ಹೊಟ್ಟೆಯ ಎಡಕ್ಕೆ ಮಲ ಸೇರುವ ಒಂದು ಚೀಲ ಬಂತು, ಅದು ಕೊನೆಯವರೆಗೂ ಇರುವಂಥದ್ದು. ಕೈ ಎತ್ತಿ ಮಾಡುವ ಕೆಲಸ ಬೇಡವೆಂದರು ವೈದ್ಯರು. ಈಗ ಅವರು ಶೆಡ್ಡಿನಲ್ಲಿ ಕುಳಿತು ಗೊಂಚಲು ವಿಂಗಡಿಸುತ್ತಾರೆ. ಪಂಚೆಯನ್ನು ಮೊದಲಿಗಿಂತ ಒಂದು ಗೇಣು ಮೇಲೆ ಉಡುತ್ತಾರೆ.

ಮಾರ್ಚ್ ತಿಂಗಳನ್ನು ದೊಡ್ಡಕರುಳಿನ ಕ್ಯಾನ್ಸರ್ ಕುರಿತು ಅರಿವು ಮೂಡಿಸುವ ತಿಂಗಳಾಗಿ ಆಚರಿಸುತ್ತಾರೆಂದು ಊರಿಗೆ ತಿಳಿಸಿದವರು ಆರೋಗ್ಯ ಕೇಂದ್ರದ ನರ್ಸ್ ಕಲೈಸೆಲ್ವಿ. ವರ್ಷಕ್ಕೊಮ್ಮೆ ಅವರು ಊಟದ ಬಿಡುವಿನಲ್ಲಿ ಶೆಡ್ಡಿಗೆ ಬಂದು ಗಾಢ ನೀಲಿ ರಿಬ್ಬನ್ ಹಂಚುತ್ತಾರೆ. ಮಲದಲ್ಲಿ ರಕ್ತವಿದೆಯೇ ಎಂದು ನೋಡಲು ಪುಟ್ಟ ಡಬ್ಬಿ ಕೊಡುತ್ತಾರೆ. ಮೂರು ವರ್ಷದಿಂದ ಅವರ ಜತೆ ನಿಂತು ಅಯ್ಯಾವು ತಮ್ಮ ಕಾಯಿಲೆಯ ಕಥೆ ಹೇಳುತ್ತಾರೆ.

ಈ ಸಲ ರಿಬ್ಬನ್ ನೋಡಿ ಪೆಟ್ಟಿಗೆ ಹೊರುವ ಪಾಂಡಿ ಕೇಳಿದ, “ಇದ್ಯಾವ ಪಾರ್ಟಿ ಸಿಸ್ಟರ್? ಮೈತ್ರಿ ಯಾರ ಜತೆ?”

ಉತ್ತರ ಕೊಟ್ಟವರು ಅಯ್ಯಾವು. “ಕರುಳಿನ ಪಾರ್ಟಿ ಕಣಪ್ಪಾ. ಅರ್ಜಿ ಹಾಕೋದೇ ಬೇಡ, ಅದೇ ಬಂದು ಸೇರಿಸ್ಕೊಳ್ತದೆ.” ನಗು ನಿಲ್ಲುವ ಮೊದಲೇ ಅಂಗಿ ಎತ್ತಿ ಚೀಲ ತೋರಿಸಿದರು. “ಇಷ್ಟೊತ್ತು ನಿಮ್ಮ ಮಧ್ಯೆನೇ ಕೂತಿದ್ದೆ. ಯಾರಿಗಾದ್ರೂ ವಾಸನೆ ಬಂತಾ?”

ಯಾರಿಗೂ ಬಂದಿರಲಿಲ್ಲ. ಆ ಗುಂಪಿನಲ್ಲಿ ಒಬ್ಬರು ಇರಲಿಲ್ಲ. ಅಯ್ಯಾವು ಅವರ ತಮ್ಮ ಚಿನ್ನಸಾಮಿ, ಐವತ್ತೇಳು ವರ್ಷ, ಕೊಯ್ಲಿನ ಗುಂಪಿನ ಮೇಸ್ತ್ರಿ. ಮೂರು ವರ್ಷವೂ ಆ ಒಂದು ಗಂಟೆ ಅವರು ಟೀ ಅಂಗಡಿಯಲ್ಲೇ ಕಳೆದಿದ್ದರು. ಒಡಹುಟ್ಟಿದವರಿಗೆ ಈ ಕಾಯಿಲೆ ಬಂದಿದ್ದರೆ ಉಳಿದವರು ಕರುಳಿಗೆ ಕೊಳವೆ ಹಾಕಿ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದು ಕಲೈಸೆಲ್ವಿ ಹೇಳಿದ್ದು ಅವರಿಗೆ ಗೊತ್ತಿತ್ತು.

ಅಂದು ಸಂಜೆ ಚಿನ್ನಸಾಮಿಯ ಹೆಂಡತಿ ಮಣಿಮೇಗಲೈ ಅಯ್ಯಾವು ಅವರ ಮನೆಗೆ ಬಂದರು. ಬಾಗಿಲಲ್ಲೇ ನಿಂತು ಹೇಳಿದರು, “ಭಾವಾ, ಅವರ ಬಟ್ಟೆ ಒಗೆಯೋಳು ನಾನು. ಅಲ್ಲಿ ಇರೋದು ಹಣ್ಣಿನ ಕಲೆ ಅಲ್ಲ. ಹಣ್ಣಿನ ಕಲೆ ನನಗೆ ಗೊತ್ತು.”

“ಅವನೇನಂತಾನೆ?”

“ಏನಂತಾರೆ? ಹಣ್ಣಿನ ಕಪ್ಪು ಅಂತಾರೆ.”

ಹೇಳಿ ಪ್ರಯೋಜನವಿಲ್ಲವೆಂದು ಅಯ್ಯಾವು ಅವರಿಗೆ ಗೊತ್ತಿತ್ತು. ಹನ್ನೊಂದು ತಿಂಗಳು ತಾವೂ ಯಾರ ಮಾತೂ ಕೇಳಿರಲಿಲ್ಲ. ಆದರೆ ಚಿನ್ನಸಾಮಿ ಪ್ರತಿ ವರ್ಷ ಮುರುಗನ ಹಬ್ಬವಾದ ಪಂಗುನಿ ಉತ್ತಿರಕ್ಕೆ ಪಳನಿಗೆ ನಡೆದು ಹೋಗುವವನು. ಅದಕ್ಕೆ ಮುಂಚೆ ಒಂದು ತಿಂಗಳು ವ್ರತ: ಕೊರಳಿಗೆ ಮಾಲೆ, ಬರಿಗಾಲು, ಮಾಂಸವಿಲ್ಲ. ಮಾಲೆ ಹಾಕಿದ ಮೇಲೆ ಅವನು ಮಾತಿಗೆ ತಪ್ಪಿದ್ದನ್ನು ಯಾರೂ ಕಂಡಿಲ್ಲ.

ಮರುದಿನ ಬೆಳಿಗ್ಗೆ ಅಯ್ಯಾವು ಟೀ ಅಂಗಡಿಗೇ ಹೋದರು.

“ಮಾಲೆ ಯಾವಾಗ ಹಾಕ್ತೀಯಾ?”

“ನಾಳೆ. ಯಾಕಣ್ಣಾ, ನೀನೂ ನಡೀತೀಯಾ? ನಿನ್ನ ಚೀಲ ನಾನು ಹೊರ್‍ಲಾ?”

“ನನ್ನ ಚೀಲ ನಾನೇ ಹೊರ್‍ತೀನಿ. ಈ ಸಲ ವ್ರತಕ್ಕೆ ಒಂದು ಸೇರಿಸ್ಕೋ. ಉತ್ತಿರದವರೆಗೂ ದ್ರಾಕ್ಷಿ ತಿನ್ನಬೇಡ.”

ಚಿನ್ನಸಾಮಿ ಟೀ ಲೋಟ ಕೆಳಗಿಟ್ಟರು. “ಕೊಯ್ಲಿನ ಮೇಸ್ತ್ರಿ ದ್ರಾಕ್ಷಿ ತಿನ್ನದೇ ಇರ್‍ತಾನಾ? ಮುರುಗನೇ ನಗ್ತಾನೆ.”

“ನಗಲಿ. ತಪ್ಪು ಹಣ್ಣಿಂದು ಅಂತೀಯಲ್ಲ, ಹನ್ನೆರಡು ದಿನ ಹಣ್ಣು ಬಿಟ್ಟು ನೋಡು. ಕಪ್ಪು ನಿಂತ್ರೂ ಸರಿ, ನಿಲ್ಲದಿದ್ರೂ ಸರಿ, ಹದಿಮೂರನೇ ದಿನ ಆ ಡಬ್ಬಿ ತುಂಬಿಸಿ ಕೊಡಬೇಕು. ಮಾಲೆ ಮುಟ್ಟಿ ಹೇಳು.”

“ಮಾಲೆ ಇನ್ನೂ ಹಾಕಿಲ್ಲ.”

“ನಾಳೆ ಹಾಕಿದ ಮೇಲೆ ಹೇಳು. ನಾನು ಅಲ್ಲೇ ಇರ್‍ತೀನಿ.”

ಈ ಉಪಾಯ ಕಲೈಸೆಲ್ವಿಗೆ ಒಪ್ಪಿಗೆಯಾಗಲಿಲ್ಲ. “ಮಾಮಾ, ರಕ್ತ ಕಣ್ಣಿಗೆ ಕಾಣದೆಯೂ ಇರಬಹುದು. ಬಣ್ಣ ಸರಿಹೋಯ್ತು ಅಂದ್ಕೊಂಡ್ರೆ ಅವರು ಈ ಕಡೆ ತಲೆ ಹಾಕಲ್ಲ. ಇವತ್ತೇ ಕರ್‍ಕೊಂಡು ಬನ್ನಿ.”

“ಇವತ್ತು ಕರೆದ್ರೆ ಈ ಜನ್ಮದಲ್ಲಿ ಬರಲ್ಲಮ್ಮಾ,” ಎಂದರು ಅಯ್ಯಾವು.

ಚಿನ್ನಸಾಮಿ ದೇವರ ಮುಂದೆ ಮಾತು ಕೊಟ್ಟರು. ಶೆಡ್ಡಿನ ಹೆಂಗಸರು ಕಾಡಿಸಿದರು. ಒಬ್ಬರು ಒಡೆದ ಹಣ್ಣನ್ನು ಅವರ ಮೂಗಿನ ಹತ್ತಿರ ಹಿಡಿದು, “ಮೇಸ್ತ್ರೀ, ಬರೀ ವಾಸನೆ ತಗೊಂಡ್ರೆ ವ್ರತ ಕೆಡಲ್ಲ,” ಎಂದರು. ಅವರು ಬಾಯಿಗೆ ಹುರಿಗಡಲೆ ಹಾಕಿಕೊಂಡು ಓಡಾಡಿದರು. ನಾಲ್ಕನೇ ದಿನಕ್ಕೆ ನಾಲಿಗೆಯ ನೇರಳೆ ಹೋಯಿತು. ಅಯ್ಯಾವು ದಿನವೂ ತಮ್ಮನ ಮುಖ ನೋಡುತ್ತಿದ್ದರು, ಏನೂ ಕೇಳಲಿಲ್ಲ. ಬಣ್ಣ ತಿಳಿಯಾಗಿ ತಮ್ಮ ಗೆದ್ದೆನೆಂದು ನಕ್ಕರೆ ತಾವೇ ಅವನನ್ನು ಆಸ್ಪತ್ರೆಯಿಂದ ದೂರ ತಳ್ಳಿದಂತೆ ಎಂಬ ಭಯ ಅವರಿಗಿತ್ತು. ಅದನ್ನು ಹೆಂಡತಿಗೂ ಹೇಳಿರಲಿಲ್ಲ.

ಹದಿಮೂರನೇ ದಿನ ಬೆಳಿಗ್ಗೆ ಏಳಕ್ಕೆ ಚಿನ್ನಸಾಮಿ ಬಂದು ಜಗಲಿಯ ಮೇಲೆ ಕುಳಿತರು. ಕೈಯಲ್ಲಿ ಪತ್ರಿಕೆಯಲ್ಲಿ ಸುತ್ತಿದ ಡಬ್ಬಿ.

“ಕಪ್ಪು ಹೋಯ್ತಣ್ಣಾ,” ಎಂದರು.

ಅಯ್ಯಾವು ಆ ಡಬ್ಬಿಯನ್ನೇ ನೋಡಿದರು.

“ಕಪ್ಪು ಹೋಯ್ತು. ಅದರ ಕೆಳಗೆ ಕೆಂಪು ಇತ್ತು. ಹಣ್ಣು ತಿನ್ನೋವಾಗ ಅದು ಕಾಣ್ತಿರಲಿಲ್ಲ.”

ಮನೆಯೊಳಗೆ ಹೋಗಿ ಅಯ್ಯಾವು ಅಂಗಿ ಹಾಕಿಕೊಂಡು ಬಂದರು. ಇಬ್ಬರೂ ಷೇರ್ ಆಟೊದಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದರು. ವಾರದೊಳಗೆ ತೇನಿಯ ಆಸ್ಪತ್ರೆಯಲ್ಲಿ ಕೊಳವೆ ಹಾಕಿ ನೋಡಿದಾಗ ದೊಡ್ಡಕರುಳಿನಲ್ಲಿ ಎರಡು ಗಂಟು ಸಿಕ್ಕವು. ಎರಡನ್ನೂ ಅಲ್ಲೇ ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂದಾಗ ತಿಳಿದದ್ದು: ಇನ್ನೂ ಕ್ಯಾನ್ಸರ್ ಆಗಿರಲಿಲ್ಲ, ದೊಡ್ಡದು ಹಾಗೇ ಬಿಟ್ಟಿದ್ದರೆ ಆಗುವ ಜಾತಿಯದು. ವರ್ಷ ಬಿಟ್ಟು ಮತ್ತೆ ಬರಬೇಕು. ಸದ್ಯಕ್ಕೆ ದೂರ ನಡೆಯುವಂತಿಲ್ಲ.

“ಪಳನಿಗೆ ಬಸ್ಸಲ್ಲಿ ಹೋಗ್ತೀನಿ,” ಎಂದರು ಚಿನ್ನಸಾಮಿ. ಆಸ್ಪತ್ರೆಯಲ್ಲಿ ಅವರು ಆಡಿದ್ದು ಅದೊಂದೇ ಮಾತು.

ಕಲೈಸೆಲ್ವಿಯ ಆ ತಿಂಗಳ ಕೊನೆಯ ಕಾರ್ಯಕ್ರಮ ಓಡೈಪಟ್ಟಿ ಊರಿನ ಒಂದು ಶೆಡ್ಡಿನಲ್ಲಿತ್ತು. ಯಾರೂ ಕರೆಯದೆ ಚಿನ್ನಸಾಮಿಯೂ ಆರೋಗ್ಯ ಕೇಂದ್ರದ ವ್ಯಾನ್ ಹತ್ತಿದರು. ಹೋಗಿ ಹಿಂದೆ ಖಾಲಿ ಪೆಟ್ಟಿಗೆಯ ಮೇಲೆ ಕುಳಿತರು. ಅಯ್ಯಾವು ಮಾತು ಮುಗಿಸಿದಾಗ ಕತ್ತರಿ ಒರೆಸುತ್ತಿದ್ದ ಹೆಂಗಸೊಬ್ಬಳು ಹೇಳಿದಳು, “ಕೊಯ್ಲಲ್ಲಿ ಎಲ್ರಿಗೂ ಹಂಗೇ ಅಲ್ವಾ ಅಣ್ಣಾ? ಹಣ್ಣಿನ ಕಪ್ಪು.”

ಅಯ್ಯಾವು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ದನಿ ಬಂತು.

“ನಾನು ಹನ್ನೆರಡು ದಿನ ಹಣ್ಣು ಬಿಟ್ಟೆ ತಾಯಿ,” ಎಂದು ಚಿನ್ನಸಾಮಿ ಎದ್ದು ನಿಂತರು. ಮುಂದಿನದನ್ನು ಐದಾರು ವಾಕ್ಯದಲ್ಲಿ ಹೇಳಿದರು, ಕೂಲಿ ಹಂಚುವ ದನಿಯಲ್ಲಿ. ಕೊನೆಗೆ, “ನೀವು ಹಣ್ಣು ಬಿಟ್ಟು ಕಾಯಬೇಡಿ. ನಾನು ಹಟಮಾರಿ, ಅದಕ್ಕೆ ಕಾದೆ. ಡಬ್ಬಿ ಇವತ್ತೇ ತಗೊಳ್ಳಿ,” ಎಂದರು.

ಕಲೈಸೆಲ್ವಿ ಮೂವತ್ತು ಡಬ್ಬಿ ತಂದಿದ್ದರು. ಇಪ್ಪತ್ತೆರಡು ಹೋದವು. ಮೊದಲನೆಯದನ್ನು ಕೇಳಿ ತೆಗೆದುಕೊಂಡವಳು ಆ ಕತ್ತರಿಯ ಹೆಂಗಸು.

ಹೊರಡಲು ವ್ಯಾನಿನಲ್ಲಿ ಕುಳಿತಾಗ ತೋಟದವರು ಇಬ್ಬರಿಗೂ ಒಂದೊಂದು ಗೊಂಚಲು ತಂದುಕೊಟ್ಟರು. ಅಯ್ಯಾವು ಒಂದು ಹಣ್ಣು ಬಾಯಿಗೆ ಹಾಕಿಕೊಂಡರು. ಚಿನ್ನಸಾಮಿ ತಮ್ಮದನ್ನು ಅಣ್ಣನ ಮಡಿಲಿಗಿಟ್ಟು ಕೊರಳ ಮಾಲೆ ಸರಿಮಾಡಿಕೊಂಡರು.

“ಉತ್ತಿರಕ್ಕೆ ಇನ್ನೂ ಮೂರು ದಿನ ಇದೆ,” ಎಂದರು.