ಅಪ್ಪನ ಬಲಗೆನ್ನೆಯ ವಯಸ್ಸು

ನಮ್ಮ ಅಪ್ಪ ಬೈಲಹೊಂಗಲದಿಂದ ಸವದತ್ತಿ ಮೇಲೆ ರಾಮದುರ್ಗಕ್ಕೆ ಹೋಗಿಬರುವ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದರು. ಹದಿನೆಂಟು ವರ್ಷ ಅದೇ ದಾರಿ. ಅರ್ಧತೋಳಿನ ಖಾಕಿ ಅಂಗಿ ಹಾಕಿಕೊಂಡು ಬಲ ಮೊಣಕೈಯನ್ನು ಕಿಟಕಿಯ ಮೇಲಿಟ್ಟರೆಂದರೆ ಊರು ಬರುವ ತನಕ ತೆಗೆಯುತ್ತಿರಲಿಲ್ಲ. ಬಿಸಿಲೆಲ್ಲ ಆ ಕಡೆಗೇ. ಹಾಗಾಗಿ ಅವರ ಬಲಗೈ, ಬಲಗೆನ್ನೆ, ಕತ್ತಿನ ಬಲಭಾಗ ಕಪ್ಪಿಟ್ಟು, ಒಣಗಿದ ಬ್ಯಾಡಗಿ ಮೆಣಸಿನಕಾಯಿಯಂತೆ ಸುಕ್ಕುಗಟ್ಟಿದ್ದವು. ಎಡಭಾಗ ಮಾತ್ರ ಇನ್ನೂ ಮೂವತ್ತೈದರಲ್ಲೇ ನಿಂತಿತ್ತು.

"ಎಡಗಡಿಂದ ನೋಡಿದ್ರ ನನ್ನ ಗಂಡ, ಬಲಗಡಿಂದ ನೋಡಿದ್ರ ನಮ್ಮ ಮಾವನಾರು. ಯಾವಾಗ ಸೆರಗು ಹೊದ್ಕೋಬೇಕು ಅನ್ನೂದ ತಿಳೀವಲ್ದು," ಎನ್ನುತ್ತಿದ್ದಳು ಅವ್ವ.

ಅಪ್ಪನೂ ನಗುತ್ತಿದ್ದರು. ಆ ನಗು ನಿಂತದ್ದು ನನ್ನನ್ನು ನೋಡಲು ರಾಮದುರ್ಗದಿಂದ ಗಂಡಿನವರು ಬಂದ ದಿನ. ತೊಂಬತ್ತರ ದಶಕದ ನಡುವಿನ ಮಾತು. ಹುಡುಗ, ಅವನ ತಂದೆ, ಅವನ ಸೋದರತ್ತೆ ಮೂವರೇ ಬಂದಿದ್ದರು. ಅವ್ವ ಮುಂಚೆಯೇ ಯೋಚಿಸಿ, ಎಡಗೆನ್ನೆ ಬೀಗರ ಕಡೆಗೆ, ಬಲಗೆನ್ನೆ ಅಡಿಗೆಮನೆಯ ಬಾಗಿಲ ಕಡೆಗೆ ಬರುವಂತೆ ಅಪ್ಪನನ್ನು ಕೂರಿಸಿದ್ದಳು. ಮಾತು ಚೆನ್ನಾಗಿಯೇ ನಡೆದಿತ್ತು. ಉಪ್ಪಿಟ್ಟು ತಿಂದ ಸೋದರತ್ತೆ ಕೈ ತೊಳೆಯಲು ಹಿತ್ತಲಿಗೆ ಹೋದವರು, ತಿರುಗಿ ಬರುವಾಗ ಅಡಿಗೆಮನೆಯ ಬಾಗಿಲಿನಿಂದಲೇ ಬಂದರು. ಬಂದವರು ಬಗ್ಗಿ ಕೈಮುಗಿದರು.

"ಅಜ್ಜಾರು ಯಾವಾಗ ಬಂದ್ರಿ? ನಿಮ್ಮ ಮೊಮ್ಮಗಳನ್ನ ನೋಡಾಕ ಬಂದೇವಿ ನೋಡ್ರಿ."

ಅಪ್ಪ ನಿಧಾನವಾಗಿ ಇಡೀ ಮುಖವನ್ನು ಅವರ ಕಡೆಗೆ ತಿರುಗಿಸಿದರು. "ನಾನು ಹುಡುಗಿ ಅಪ್ಪ ಅದೀನ್ರಿ."

ಸೋದರತ್ತೆ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಹುಡುಗ ಕರವಸ್ತ್ರವನ್ನು ಬಾಯಿಗೊತ್ತಿಕೊಂಡು ಅಲುಗಾಡತೊಡಗಿದ. ಚಹಾದ ತಾಟು ಹಿಡಿದು ನಿಂತಿದ್ದ ನಾನೂ ತುಟಿ ಕಚ್ಚಿ ಹಿಡಿದಿದ್ದೆ. ಇಬ್ಬರ ಕಣ್ಣೂ ಕೂಡಿದವು. ಮನಸ್ಸಿನಲ್ಲಿ ನಾನು ಒಪ್ಪಿದ್ದು ಅದೇ ಗಳಿಗೆಯಲ್ಲಿ.

ಆದರೆ ತಿಂಗಳಾದರೂ ಅವರಿಂದ ಸುದ್ದಿಯಿಲ್ಲ. ಅಪ್ಪ ಊಟ ಕಡಿಮೆ ಮಾಡಿದರು. "ನನ್ನ ಮಾರಿ ನೋಡೇ ಬ್ಯಾಡ ಅಂದಿರಬೇಕು," ಎಂದು ಒಂದು ದಿನ ಅವ್ವನ ಮುಂದೆ ಅಂದರು. ಅವ್ವ ಕಡಲೆಹಿಟ್ಟು, ಅರಿಷಿಣ, ಮೊಸರು ಕಲೆಸಿ ಹಚ್ಚಿದಳು. ಕೆನ್ನೆ ಹಳದಿಯಾಯಿತೇ ಹೊರತು ಎಳೆಯದಾಗಲಿಲ್ಲ. ಆಮೇಲೆ ಅಪ್ಪ ಯಾರಿಗೂ ಹೇಳದೆ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಿಂದ ಹೆಸರಿಲ್ಲದ ಒಂದು ಕ್ರೀಮಿನ ಡಬ್ಬಿ ತಂದು, ಬಾಗಿಲು ಹಾಕಿಕೊಂಡು ಬಲಗಡೆಗೆ ಮಾತ್ರ ತಿಕ್ಕತೊಡಗಿದರು. ಒಂದೇ ವಾರದಲ್ಲಿ ಕೆನ್ನೆ ಬೆಳ್ಳಗಾಗಿ ನಾವೆಲ್ಲ ಬೆರಗಾದೆವು. ಮುಂದಿನ ವಾರ ಉರಿ ಶುರುವಾಯಿತು. ಕೆನ್ನೆ ಟೊಮ್ಯಾಟೊದಂತೆ ಕೆಂಪಾಗಿ ಸಿಪ್ಪೆ ಸುಲಿಯಿತು.

ಬೆಳಗಾವಿಯ ಚರ್ಮದ ಡಾಕ್ಟರ ಹತ್ತಿರ ಅಪ್ಪನನ್ನು ಕರೆದೊಯ್ದವಳು ನಾನೇ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಡಬ್ಬಿಯನ್ನು ಮೂಸಿ ನೋಡಿ ಕಸದ ಬುಟ್ಟಿಗೆ ಹಾಕಿದರು. ಅಪ್ಪನ ಎರಡೂ ಕೈಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಡಿಸಿದರು.

"ಬಿಸಲು ಏನ್ ಮಾಡತೈತಿ ಅಂತ ಹೇಳಾಕ ಪುಸ್ತಕ ಬ್ಯಾಡ್ರಿ, ನಿಮ್ಮ ಎರಡು ಕೈ ಸಾಕು."

"ಬಲಗೈ ಎಡಗೈಯಂಗ ಆಗತೈತೇನ್ರಿ, ಡಾಕ್ಟರ?"

"ಪೂರಾ ಆಗಂಗಿಲ್ರಿ. ಕಲೆ ಒಂದಿಷ್ಟು ತಿಳಿ ಆಗತಾವು. ಬಿಸಲ ತಡೀಲಿಲ್ಲಂದ್ರ ಅದೂ ಇಲ್ಲ."

ಮೊದಲು ಉರಿ ಆರಲು ಒಂದು ಮುಲಾಮು, ಆಮೇಲೆ ರಾತ್ರಿ ಹಚ್ಚಲು ಇನ್ನೊಂದು. ಹಗಲಿಗೆ ಬಿಸಿಲು ತಡೆಯುವ ಬಿಳಿ ಕ್ರೀಮು, ಕೈಗೆ ತುಂಬುತೋಳು. ಅಪ್ಪನಿಗಿದ್ದದ್ದೆಲ್ಲ ಅರ್ಧತೋಳಿನ ಖಾಕಿ ಅಂಗಿಗಳೇ. ಅವ್ವ ನನ್ನ ಹಳೆಯ ಲಂಗದ ಬಟ್ಟೆಯಲ್ಲಿ, ಎರಡೂ ತುದಿಗೆ ಎಲಾಸ್ಟಿಕ್ ಹಾಕಿ ಒಂದೇ ಒಂದು ಬಿಡಿ ತೋಳು ಹೊಲಿದಳು. ಹಳದಿ ಬಟ್ಟೆ, ಅದರ ಮೇಲೆ ಗುಲಾಬಿ ಹೂ. ಅಪ್ಪ ಅದನ್ನು ಬಹಳ ಹೊತ್ತು ನೋಡಿ, ಕೊನೆಗೆ ಏರಿಸಿಕೊಂಡರು.

ಮೊದಲ ದಿನ ಸವದತ್ತಿ ಸ್ಟ್ಯಾಂಡಿನಲ್ಲಿ ಜನ ಬಸ್ಸು ಹತ್ತುವುದನ್ನು ಬಿಟ್ಟು ಡ್ರೈವರನನ್ನು ನೋಡಿದರಂತೆ. ಕ್ರೀಮನ್ನೂ ಅವರು ಬಲಗೆನ್ನೆಗಷ್ಟೇ ಬಳಿದುಕೊಂಡಿದ್ದರು.

"ಏನ್ರಿ ಸಾಹೇಬ್ರ, ನಾಟಕ ಐತೇನು? ಅರ್ಧಾ ಬಣ್ಣ ಹಚ್ಕೊಂಡು ಓಡಿ ಬಂದಂಗ ಕಾಣತೈತಿ!" ಎಂದನಂತೆ ಒಬ್ಬ.

ಮರುದಿನದಿಂದ ಎರಡೂ ಕೆನ್ನೆಗೆ ಹಚ್ಚಲು ನಾನು ಕಲಿಸಿಕೊಟ್ಟೆ.

ಕೆಲವು ವಾರಗಳ ಮೇಲೆ, ರಾಮದುರ್ಗದಿಂದ ಹೊರಟಿದ್ದ ಅಪ್ಪನ ಬಸ್ಸಿಗೆ ಅದೇ ಸೋದರತ್ತೆ ಹತ್ತಿದರು. ಮುಂದಿನ ಸೀಟಿನಲ್ಲಿ ಕೂತು, ಹೂವಿನ ತೋಳನ್ನು ನೋಡಿ, ಮುಖವನ್ನು ನೋಡಿ, ಗುರುತು ಹಿಡಿದರು.

"ಅಣ್ಣಾರ, ಅವತ್ತ ನಾ ತಪ್ಪು ಮಾತಾಡಿದೆ. ಸಿಟ್ಟಾಗೀರೇನ್ರಿ?"

ಅಪ್ಪನಿಗೆ ಒಂದು ನೇಮವಿತ್ತು. ಗಾಡಿ ಓಡುವಾಗ ಯಾರೊಡನೆಯೂ ಮಾತಿಲ್ಲ. ಡ್ರೈವರನ ತಲೆಯ ಮೇಲಿನ ಹಲಗೆಯಲ್ಲಿ ಹಾಗಂತ ಬರೆದೂ ಇತ್ತು. ಅವರು ರಸ್ತೆ ನೋಡುತ್ತಲೇ ಉಳಿದರು. ಸೋದರತ್ತೆ ಮತ್ತೆ ಕೇಳಿದರು, ಬೇಡಿಕೊಂಡರು, ಸೆರಗಿನಿಂದ ಬೆವರು ಒರೆಸಿಕೊಂಡರು. ಸವದತ್ತಿಯಲ್ಲಿ ಬಸ್ಸು ನಿಂತು ಎಂಜಿನ್ ಬಂದ್ ಆದಮೇಲೆ ಅಪ್ಪ ತಿರುಗಿ, "ಇಲ್ರಿ ಅಕ್ಕಾರ, ನನಗ್ಯಾಕ ಸಿಟ್ಟು?" ಎಂದರು.

ಚಹಾದಂಗಡಿಯಲ್ಲಿ ಎಲ್ಲ ಬಯಲಾಯಿತು. ಹುಡುಗ ಅಂದೇ ಒಪ್ಪಿದ್ದ. ಅಜ್ಜ ಎಂದದ್ದಕ್ಕೆ ಹೆಣ್ಣಿನ ಕಡೆಯವರು ಮುನಿದಿದ್ದಾರೆಂದು ಅವರು ನಮ್ಮ ಸುದ್ದಿಗೆ ಕಾಯುತ್ತಿದ್ದರು. ನಾವು ಅವರ ಸುದ್ದಿಗೆ. ಮಾತು ಮುಗಿದ ಮೇಲೆ ಸೋದರತ್ತೆ ದನಿ ತಗ್ಗಿಸಿ ತಮ್ಮ ಕೆನ್ನೆಯ ಬಂಗು ತೋರಿಸಿದರಂತೆ: "ಆ ಬಿಳಿ ಕ್ರೀಮು ಎಲ್ಲಿ ಸಿಗತೈತ್ರಿ?"

ಮದುವೆಯಾಯಿತು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅಪ್ಪನ ಕಲೆಗಳು ತಿಳಿಯಾದವು, ಸುಕ್ಕು ಹಾಗೇ ಉಳಿಯಿತು. "ಇಷ್ಟಕ್ಕ ಎರಡು ವರ್ಷ ಬೇಕಾತೇನ್ರಿ?" ಎಂದು ಡಾಕ್ಟರನ್ನು ಕೇಳಿದರು. "ಕೆಡಾಕ ಹದಿನೆಂಟು ಬೇಕಾಗಿತ್ತಲ್ರಿ," ಎಂದು ಅವರು ಮುಂದಿನ ಚೀಟಿ ಬರೆದುಕೊಟ್ಟರು.

ರಾಮದುರ್ಗದಲ್ಲಿ, ನನ್ನ ಗಂಡನ ಮನೆಯಲ್ಲಿ, ಸೋದರತ್ತೆ ಕ್ರೀಮನ್ನು ಸುಣ್ಣದಂತೆ ದಪ್ಪಗೆ ಬಳಿದುಕೊಂಡು ಹೊಲಕ್ಕೆ ಹೊರಡುತ್ತಿದ್ದರು. ಕಳೆ ತೆಗೆಯುವ ಹೆಂಗಸರು ಮೊದಮೊದಲು ನಕ್ಕರು, ಆಮೇಲೆ ತಮಗೂ ಕೇಳಿದರು. ಅಷ್ಟು ಜನಕ್ಕೆ ಡಬ್ಬಿ ಎಲ್ಲಿಂದ ಸಾಲಬೇಕು? ಸೋದರತ್ತೆ ಯೋಚಿಸಿ ಕೆಲಸದ ಹೊತ್ತನ್ನೇ ಬದಲಿಸಿದರು. ಬೆಳಕು ಹರಿಯುತ್ತಲೇ ಹೊಲಕ್ಕಿಳಿಯುವುದು, ಬಿಸಿಲು ಏರಿದರೆ ಬೇವಿನ ಮರದ ಕೆಳಗೆ, ಇಳಿಹೊತ್ತಿಗೆ ಮತ್ತೆ ಕೆಲಸ. ಆ ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತು ನಾವೆಲ್ಲ ಆ ಮರದ ನೆರಳಿನಲ್ಲಿ ರೊಟ್ಟಿ ಬಿಚ್ಚಿಕೊಂಡು ಕೂತಿರುತ್ತಿದ್ದೆವು.